ಕತ್ತರಿಸಿದ ಬಲೆ ಯಾರ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ವನ್ಯಜೀವಿ ಸಪ್ತಾಹಕ್ಕೆ ಕರಡಿ ಬಗ್ಗೆ ಮಾತಾಡಿ ಎಂದು ಕರೆದಿದ್ದರು. ಹೊಳೆ ದಾಟಿದರೆ ದರೋಜಿ ಕರಡಿಧಾಮ. ಕರಡಿ ವಿಷಯ ನನಗಿಂತ ನಿಮಗೇ ಜಾಸ್ತಿ ಗೊತ್ತು. ನಾನು ಕಡಲಾಮೆ ಬಗ್ಗೆ ಹೇಳುತ್ತೇನೆ. ಗಂಗಾವತಿಯಲ್ಲಿ ಎಂಥ ಕಡಲಾಮೆ ಎಂದು ಮುಂದಿನ ಸಾಲಿನ ಹಿರಿಯರು ಆಗಲೇ ನಗುತ್ತಿದ್ದಾರೆ. ನಗಲಿ, ಕೊನೆಗೆ ಅವರ ಹೊಲಕ್ಕೇ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ, ಕುಂದಾಪುರದ ಕಡೆ ಪರಿಚಯದ ಮೀನುಗಾರರೊಬ್ಬರ ದೋಣಿ ಹತ್ತಿದೆ. ನಾನು ಎಡದಂಡೆ ಕಾಲುವೆಯಲ್ಲಿ ಈಜು ಕಲಿತವನು. ಅದೇ ಧೈರ್ಯ. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಹತ್ತೇ ನಿಮಿಷದಲ್ಲಿ ಅರಬ್ಬಿ ಸಮುದ್ರದ ಪಾಲಾಯಿತು. ದೋಣಿಯಲ್ಲಿದ್ದ ಹುಡುಗರು ಬಹಳ ಮರ್ಯಾದಸ್ಥರು, ಆ ಕಡೆ ತಿರುಗಿಕೊಂಡು ನಕ್ಕರು.

ಬೆಳಕು ಹರಿಯುವಾಗ ಬಲೆ ಎಳೆದರು. ಭಾರ ಇತ್ತು. ದೊಡ್ಡ ಮೀನೇ ಇರಬೇಕು ಎಂದುಕೊಂಡೆ. ಬಂದದ್ದು ಆಮೆ. ಆಲಿವ್ ರಿಡ್ಲೆ, ನಲವತ್ತು ಕಿಲೋ ಆದರೂ ಇದ್ದಿರಬೇಕು. ಎರಡೂ ಮುಂಗಾಲು ನೂಲಿನಲ್ಲಿ ಸಿಕ್ಕಿ ಸುತ್ತಿಕೊಂಡಿದ್ದವು. ಯಜಮಾನರು ಒಂದು ಮಾತೂ ಆಡಲಿಲ್ಲ. ಚಾಕು ತೆಗೆದು ಬಲೆ ಕೊಯ್ದರು. ಒಂದೆರಡು ಕಣ್ಣು ಅಲ್ಲ, ಒಂದು ಆಳುದ್ದ. ಆಮೆ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನೀರಿಗೆ ಬಿಟ್ಟರು. ಕೂರ್ಮ ಅಲ್ವಾ, ದೇವರು.

ನಾನು ಮೇಷ್ಟ್ರು, ಕೇಳದೆ ಇರಲಾಗಲಿಲ್ಲ. ಬಲೆ ಹೋಯಿತಲ್ಲ, ನಷ್ಟ ಯಾರು ತುಂಬುತ್ತಾರೆ ಎಂದೆ. ಅವರು ನನ್ನನ್ನೇ ನೋಡಿ, "ನಿಮ್ಮ ಊರಲ್ಲಿ ಜಿಂಕೆ ಹೊಲ ಮೇಯ್ದರೆ ಎಂತ ಮಾಡ್ತ್ರಿ ಮಾಸ್ಟ್ರೆ?" ಎಂದರು. ಯಲಬುರ್ಗಾ, ಕುಕನೂರು ಕಡೆಯವರು ಇಲ್ಲಿದ್ದೀರಿ. ಕೃಷ್ಣಮೃಗದ ಹಿಂಡು ಮೊಳಕೆ ಮೇಯ್ದು ಹೋದ ಬೆಳಿಗ್ಗೆ ನಿಮ್ಮ ಬಾಯಲ್ಲಿ ಬರುವ ಮಾತು ನನಗೆ ಗೊತ್ತು. ಅದನ್ನು ಅಲ್ಲಿ ಹೇಳುವ ಹಾಗಿರಲಿಲ್ಲ. ಸುಮ್ನೆ ಕೂತೆ.

ಈಗ ಸ್ವಲ್ಪ ಪಾಠ. ಆಮೆ ಮೀನಲ್ಲ. ಅದಕ್ಕೆ ಶ್ವಾಸಕೋಶ ಇದೆ, ಉಸಿರಿಗೆ ಮೇಲೆ ಬರಲೇಬೇಕು. ಟ್ರಾಲರ್ ಬಲೆ ನೀರಿನಡಿ ಗಂಟೆಗಟ್ಟಲೆ ಎಳೆದರೆ ಒಳಗಿನ ಆಮೆ ಮುಳುಗಿ ಸಾಯುತ್ತದೆ. ಸಮುದ್ರದ ಪ್ರಾಣಿ ಸಮುದ್ರದಲ್ಲೇ ಮುಳುಗುವುದು! ಇದಕ್ಕೆ ಉಪಾಯ ಇದೆ. ಬಲೆಯೊಳಗೆ ಕಂಬಿಯ ಚೌಕಟ್ಟು ಕೂರಿಸಿದರೆ ಮೀನು ಹಿಂದಕ್ಕೆ ದಾಟುತ್ತದೆ, ಆಮೆ ಕಂಬಿಗೆ ತಾಗಿ ಕಿಂಡಿಯಿಂದ ಹೊರಬೀಳುತ್ತದೆ. ಆದರೆ ಆ ಕಿಂಡಿಯಲ್ಲಿ ಸ್ವಲ್ಪ ಮೀನೂ ಜಾರುತ್ತದೆ. ಆ ಮೀನಿನ ದುಡ್ಡು ಯಾರ ಲೆಕ್ಕಕ್ಕೆ? ನೋಡಿ, ಮತ್ತೆ ಅಲ್ಲಿಗೇ ಬಂದೆ.

ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು ಮರಳು ತೋಡಿ ನೂರರಷ್ಟು ಮೊಟ್ಟೆ ಇಡುತ್ತದೆ. ಒಡಿಶಾದ ಗಹಿರ್‌ಮಥಾದಲ್ಲಿ ಲಕ್ಷಗಟ್ಟಲೆ ಆಮೆ ಒಟ್ಟಿಗೆ ಬರುತ್ತವೆ. ನಮ್ಮ ಕರಾವಳಿಯಲ್ಲಿ ಹಾಗಿಲ್ಲ, ಅಲ್ಲೊಂದು ಇಲ್ಲೊಂದು ಗೂಡು. ಹಾಗಾಗಿ ಗೂಡು ಕಂಡವರೇ ಕಾಯಬೇಕು. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. ಬಿಸಿ ಜಾಸ್ತಿಯಾದರೆ ಹೆಣ್ಣೇ ಜಾಸ್ತಿ. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಇಟ್ಟಿದ್ದರೆ ಗಂಡೇ ಹುಟ್ಟುತ್ತಿರಲಿಲ್ಲವೇನೋ. ಸುಮಾರು ಐವತ್ತು ದಿನಕ್ಕೆ ಮರಿ ಹೊರಬಂದು, ಬೆಳಕಾಗಿ ಕಾಣುವ ಕಡೆ ಓಡುತ್ತದೆ. ಕತ್ತಲಲ್ಲಿ ಅದು ಸಮುದ್ರ. ರೆಸಾರ್ಟಿನ ದೀಪ ಇದ್ದರೆ ಅದು ರೆಸಾರ್ಟು.

ಚೀಟಿ ಬಂತು. ಇನ್ನು ಹತ್ತೇ ನಿಮಿಷವಂತೆ. ಊಟದ ವಾಸನೆ ನನಗೂ ಬರುತ್ತಿದೆ.

ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಅಘನಾಶಿನಿ ಹೊಳೆಯ ಬಳಚು ಎಂಬ ಚಿಪ್ಪುಜೀವಿ ಎಲ್ಲ ಬರೆದು ತಂದಿದ್ದೆ, ಬಿಡುತ್ತೇನೆ. ಒಂದೇ ಮಾತು. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಬಂತು. ಅದರ ಜೊತೆಗೇ ನಮ್ಮ ಹಳೇ ಬಳ್ಳಾರಿ ಜಿಲ್ಲೆಯ ಅಂಕಸಮುದ್ರ ಕೆರೆಯ ಹೆಸರೂ ಬಂತು. ಹೆಸರಿನಲ್ಲಾದರೂ ನಮಗೊಂದು ಸಮುದ್ರ ಇದೆ.

ಮತ್ತೆ ಬಲೆಯ ಲೆಕ್ಕಕ್ಕೆ ಬರುತ್ತೇನೆ. ಮಹಾರಾಷ್ಟ್ರದಲ್ಲಿ 2018ರಿಂದ ಒಂದು ಕ್ರಮ ಇದೆ. ಕಾನೂನಿನ ರಕ್ಷಣೆ ಇರುವ ಪ್ರಾಣಿಯನ್ನು ಬಿಡಿಸಲು ಮೀನುಗಾರ ಬಲೆ ಕತ್ತರಿಸಿದರೆ 25,000 ರೂಪಾಯಿವರೆಗೆ ಪರಿಹಾರ. ಫೋಟೋ ತೆಗೆದು ಕೊಡಬೇಕು. ನನಗೆ ಇದರಲ್ಲಿ ದುಡ್ಡಿಗಿಂತ ದೊಡ್ಡದಾಗಿ ಕಾಣುವುದು ಬೇರೆ. ಅವನು ಮಾಡಿದ್ದು ಕೆಲಸ ಎಂದು ಒಬ್ಬರು ಬರೆದುಕೊಂಡರಲ್ಲ.

ಈಗ ನಮ್ಮ ಹೊಳೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಸಂತೋಷ. ಆದರೆ ನೀರುನಾಯಿ ಬೋರ್ಡ್ ಓದಿ ಬದುಕುವುದಿಲ್ಲ, ಮೀನು ತಿಂದು ಬದುಕುತ್ತದೆ. ಬಲೆಯಲ್ಲಿ ಸಿಕ್ಕ ಮೀನು ಅದಕ್ಕೆ ಬಡಿಸಿಟ್ಟ ಎಲೆ ಇದ್ದಂತೆ. ಮೀನನ್ನೂ ತಿನ್ನುತ್ತದೆ, ಬಲೆಯನ್ನೂ ಹರಿಯುತ್ತದೆ.

ಹಿಂದಿನ ಸಾಲಿನಲ್ಲಿ ಹೊಳೆದಂಡೆಯಿಂದ ಬಂದ ನಾಲ್ಕು ಜನ ಮೀನುಗಾರರು ಬೆಳಿಗ್ಗೆಯಿಂದ ಕೂತಿದ್ದಾರೆ. ಹಾರ ಹಾಕಿದ್ದು ನಮಗೆ. ವೇದಿಕೆ ಮೇಲೆ ಸಾಹೇಬರೂ ಇದ್ದಾರೆ, ಊಟಕ್ಕೆ ಮೊದಲು ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ನನ್ನ ಪಾಲಿನ ಉಳಿದ ಐದು ನಿಮಿಷ ಆ ಮೀನುಗಾರರಿಗೆ. ಈ ವರ್ಷ ಎಷ್ಟು ಬಲೆ ಹರಿದವು, ಒಂದು ಬಲೆಗೆ ಎಷ್ಟು ಬೀಳುತ್ತದೆ, ಅವರೇ ಹೇಳಲಿ. ತಮ್ಮಾ, ಆ ಮೈಕ್ ಹಿಂದಕ್ಕೆ ಒಯ್ಯಪ್ಪ.