ಮಸಾಲೆ ದೋಸೆಯನ್ನು ಮೊದಲು ಬರೆಯಿರಿ

ಎಲ್ಲರಿಗೂ ನಮಸ್ಕಾರ. ನಾಲ್ಕು ಗಂಟೆಗೆ ಈ ಮಂಟಪವನ್ನು ಆರತಕ್ಷತೆಯವರಿಗೆ ಬಿಟ್ಟುಕೊಡಬೇಕು ಅಂತ ಮ್ಯಾನೇಜರು ಆಗಲೇ ಎರಡು ಸಲ ಬಂದು ಹೇಳಿ ಹೋದರು. ಶಾಲು, ಹಾರ, ಹಣ್ಣಿನ ಬುಟ್ಟಿ ಅಂತ ಇಪ್ಪತ್ತು ನಿಮಿಷ ಹೋಯಿತು. ಆದ್ದರಿಂದ ಪೀಠಿಕೆ ಬೇಡ.

ಹೋದ ವಾರ ನಮ್ಮ ಬೀದಿಯವರೊಬ್ಬರು ಮನೆಗೆ ಬಂದರು. "ಮೇಷ್ಟ್ರೇ, ಮಗಳಿಗೆ ಎಂಜಿನಿಯರಿಂಗ್ ಸೀಟು ಬುಕ್ ಮಾಡ್ಬಿಟ್ಟೆ" ಅಂದರು. ಸೈಟು ಬುಕ್ ಮಾಡಿದವರ ಹಾಗೆ ಮುಖ ಅರಳಿತ್ತು. ಸರ್ಕಾರದ ಪ್ರವೇಶ ಪರೀಕ್ಷೆ ಸಿಇಟಿಯ ರಿಸಲ್ಟೇ ಇನ್ನೂ ಬಂದಿಲ್ಲವಲ್ಲ ಸ್ವಾಮಿ ಅಂದೆ. "ಬಂದ ಮೇಲೆ ಸಿಗದೇ ಹೋದ್ರೆ?" ಈ 'ಸಿಗದೇ ಹೋದ್ರೆ' ಅನ್ನೋ ಭಯ ಇದೆಯಲ್ಲ, ನಾನು ಇವತ್ತು ಮಾತಾಡೋದು ಇದೊಂದರ ಬಗ್ಗೆನೇ. ತಿಪಟೂರಿನವರಿಗೆ ಕೊಬ್ಬರಿ ಯಾವಾಗ ಮಾರಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ರೇಟು ಏರೋವರೆಗೂ ಅಟ್ಟದ ಮೇಲಿಟ್ಟು ಕಾಯ್ತೀರಿ. ಮಕ್ಕಳ ಸೀಟು ಅಂದ ತಕ್ಷಣ ಆ ತಾಳ್ಮೆ ಎಲ್ಲಿ ಹೋಗುತ್ತೆ?

ಭಯ ಹೊಸದಲ್ಲ. ನಾನು ಪಿಯುಸಿ ಮುಗಿಸಿದ್ದು 1982ರಲ್ಲಿ. ನಮ್ಮಪ್ಪ ಒಂದು ಕೈಯಲ್ಲಿ ನನ್ನ ಅರ್ಜಿ, ಇನ್ನೊಂದು ಕೈಯಲ್ಲಿ ಹತ್ತು ಸುಲಿದ ತೆಂಗಿನಕಾಯಿ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದರು. ಆಫೀಸಿನ ಗುಮಾಸ್ತರು ಎರಡನ್ನೂ ತಗೊಂಡರು. ತೆಂಗಿನಕಾಯಿ ಮನೆ ಸೇರಿತು, ಅರ್ಜಿ ಎಲ್ಲಿ ಸೇರಿತೋ ಇವತ್ತಿಗೂ ಗೊತ್ತಿಲ್ಲ. ನಾನು ಬಿಎಸ್ಸಿಗೆ ಸೇರಿದೆ, ಗಣಿತದ ಮೇಷ್ಟ್ರಾದೆ. ಆ ಗುಮಾಸ್ತರಿಂದಾಗಿ ನೀವೆಲ್ಲ ಈಗ ನನ್ನ ಮಾತು ಕೇಳಬೇಕಾಗಿದೆ.

ಸೀಟಿಗೆ ಅಂತ ಕಾಲೇಜುಗಳು ಕೇಳೋ ವಂತಿಗೆಯ ನಿಷೇಧದ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಲ್ಲೇ ಬಂತು. 1992ರ ಮೋಹಿನಿ ಜೈನ್ ಪ್ರಕರಣ ನಿಮಗೆ ಗೊತ್ತು. ಮೀರತ್ತಿನ ಹುಡುಗಿ ಮೆಡಿಕಲ್ ಸೀಟು ಕೇಳಿದ್ದು ಇದೇ ತುಮಕೂರಿನಲ್ಲಿ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದವರು ದುಡ್ಡು ಕೊಟ್ಟು ತಗೊಂಡರೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ. ಇದೇನು ನ್ಯಾಯ ಅಂತ ಸುಪ್ರೀಂ ಕೋರ್ಟಿಗೆ ಹೋದಳು. ಹಾಗೆ ಹೆಚ್ಚಿಗೆ ಕೇಳೋದೂ ವಂತಿಗೆಯೇ ಅಂತ ಕೋರ್ಟು ಹೇಳಿತು. ಮರುವರ್ಷ, ಖಾಸಗಿ ಕಾಲೇಜಿನ ಸೀಟನ್ನೂ ಅರ್ಹತೆ ನೋಡಿಯೇ ಹಂಚಿ ಅಂದ ಉನ್ನಿಕೃಷ್ಣನ್ ತೀರ್ಪು, ಅದರ ಮರುವರ್ಷ, 1994ರಲ್ಲಿ, ಸಿಇಟಿ ಸೆಲ್. ಅದೇ ಇವತ್ತು ಮಲ್ಲೇಶ್ವರದಲ್ಲಿರೋ ಕೆಇಎ, ಸಿಇಟಿ ನಡೆಸಿ ಸೀಟು ಹಂಚೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅರ್ಜಿಗೂ ಸೀಟಿಗೂ ನಡುವೆ ಇದ್ದ ತೆಂಗಿನಕಾಯಿಯನ್ನು ತೆಗೆದುಹಾಕಿದ್ದು ಅದು. ಅದನ್ನು ಬೈಯೋರು ಇದೊಂದನ್ನು ನೆನಪಿಟ್ಟುಕೊಂಡು ಬೈಯಲಿ.

ಈಗ ಬಾಗಿಲುಗಳ ವಿಷಯ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ನೂರು ಸೀಟಿನಲ್ಲಿ ಸಾಮಾನ್ಯವಾಗಿ 45 ಸಿಇಟಿಗೆ, 30 ಖಾಸಗಿ ಕಾಲೇಜುಗಳೇ ಸೇರಿ ನಡೆಸೋ ಪರೀಕ್ಷೆ ಕಾಮೆಡ್–ಕೆಗೆ, 25 ಮ್ಯಾನೇಜ್‌ಮೆಂಟಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅದೇ ಬೆಂಚು, ಅದೇ ಮೇಷ್ಟ್ರು, ಅದೇ ಲ್ಯಾಬು, ಫೀಸು ಮಾತ್ರ ಮೂರು ಥರ. ಸಿಇಟಿಯ ಎಂಜಿನಿಯರಿಂಗ್ ರ್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕಾಮೆಡ್–ಕೆಯಲ್ಲಿ ಮೂರು ಗಂಟೆ, 180 ಪ್ರಶ್ನೆ, ಆ ಪರೀಕ್ಷೆ ಒಂದೇ ಲೆಕ್ಕ. ವರ್ಷಪೂರ್ತಿ ಓದಿ ಪಿಯುಸಿಯಲ್ಲಿ ಅಂಕ ತೆಗೆಯೋ ಮಗುವಿಗೆ ಸಿಇಟಿ ಆಸರೆ. ಪಿಯುಸಿಯಲ್ಲಿ ಎಡವಿದರೂ ಚುರುಕಾಗಿ ಲೆಕ್ಕ ಬಿಡಿಸೋ ಮಗುವಿಗೆ ಕಾಮೆಡ್–ಕೆ. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ಆದ್ದರಿಂದ ಒಂದೂ ಪ್ರಶ್ನೆ ಖಾಲಿ ಬಿಡಬೇಡಿ ಮಕ್ಕಳೇ. ಬಿಟ್ಟುಬಂದೋರು ಕೈ ಎತ್ತಿ... ಬೇಡ ಬೇಡ, ಅಪ್ಪ ಅಮ್ಮ ಪಕ್ಕದಲ್ಲೇ ಕೂತಿದ್ದಾರೆ.

ಈಗ ಹೇಳಲೇಬೇಕಾದ ಕತೆಗೆ ಬರ್ತೀನಿ. ಸುಮಾರು ಏಳೆಂಟು ವರ್ಷದ ಹಿಂದಿನದು. ಹೊನ್ನವಳ್ಳಿ ಕಡೆಯ ಹುಡುಗಿ, ನನ್ನ ಕ್ಲಾಸಿನವಳು. ಸಿವಿಲ್ ಓದಬೇಕು, ಅದೂ ಬೆಂಗಳೂರಿನ ಕೆ.ಆರ್. ಸರ್ಕಲ್ಲಿನ ಯುವಿಸಿಇಯಲ್ಲೇ ಓದಬೇಕು ಅಂತ ಆಸೆ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಎಂಜಿನಿಯರಿಂಗ್ ಕಾಲೇಜು, ಫೀಸೂ ಕಡಿಮೆ. ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಅಂತ ಇಷ್ಟದ ಕ್ರಮದಲ್ಲಿ ಕೆಇಎಗೆ ಆನ್‌ಲೈನಲ್ಲಿ ಬರೆದುಕೊಡೋದು. ಅದರ ಕೊನೇ ದಿನ ರಾತ್ರಿ ಅಪ್ಪನ ಜೊತೆ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಹೋದಳು. ಕರೆಂಟು ಹೋಗಿ ಬಂದು ಮಾಡ್ತಿತ್ತು, ಹಿಂದೆ ಹದಿನೈದು ಜನ ಸಾಲು. ಸೈಬರಿನ ಹುಡುಗ ಗೋಡೆಯ ಮೊಳೆಯಿಂದ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ ತೆಗೆದ. 'ಗ್ಯಾರಂಟಿ ಸಿಗೋ' ಕಾಲೇಜುಗಳ ಪಟ್ಟಿ. ಬಂದವರಿಗೆಲ್ಲ ಅದನ್ನೇ ಟೈಪ್ ಮಾಡ್ತಿದ್ದ. ಇವಳು ಯುವಿಸಿಇ ಅಂದಾಗ, "ನಿಮ್ ರ್ಯಾಂಕಿಗೆ ಅದೆಲ್ಲಿ ಬರುತ್ತೆ ಅಕ್ಕಾ" ಅಂತ ಹದಿನಾಲ್ಕನೇದಾಗಿ ಹಾಕಿದ. ಅಪ್ಪನೂ ಹೂಂ ಅಂದರು, ಕೊನೇ ಬಸ್ಸು ಹೊರಟಿತ್ತು.

ಸೀಟು ಸಿಕ್ಕಿತು. ಮೊದಲನೇ ಆಪ್ಷನ್ನೇ ಸಿಕ್ಕಿತು! ಮನೆಯಲ್ಲಿ ಪಾಯಸ ಆಯಿತು. ಹತ್ತು ದಿನಕ್ಕೆ ಆ ಮಗು ಎರಡು ಪ್ರಿಂಟ್‌ಔಟ್ ಹಿಡಿದು ನನ್ನ ಮನೆ ಬಾಗಿಲಿಗೆ ಬಂತು. ಒಂದು ಅವಳದು, ಇನ್ನೊಂದು ಅವಳ ಕ್ಲಾಸಿನ ಹುಡುಗನದು. ಇಬ್ಬರದೂ ಒಂದೇ ಕೆಟಗರಿ, ಅವನ ರ್ಯಾಂಕು ಇವಳಿಗಿಂತ ಸಾವಿರದಷ್ಟು ಹಿಂದೆ. ಅವನಿಗೆ ಯುವಿಸಿಇ ಸಿವಿಲ್. "ಸರ್, ಇದು ಹ್ಯಾಗೆ?" ಅಂತ ಕೇಳಿತು. ಅವನು ಕೇಳಿದ, ನೀನು ಕೇಳಲಿಲ್ಲ ಕಣಮ್ಮ. ಅದಕ್ಕಿಂತ ಬೇರೆ ಉತ್ತರ ಇರಲಿಲ್ಲ.

ಸಂಜೆ ಆ ಸೈಬರ್ ಹುಡುಗನನ್ನು ಬೈಯೋಣ ಅಂತ ಹೋದೆ. ಹಾಳೆ ಕೈಗೆ ತಗೊಂಡೆ. ಮೂಲೆಯಲ್ಲಿ ಕಾಫಿ ಲೋಟದ ಕಲೆ. ಏಳು ಅನ್ನೋ ಅಂಕಿಗೆಲ್ಲ ನಡುವೆ ಅಡ್ಡಗೀಟು. ಏಳಕ್ಕೆ ಹಾಗೆ ಗೀಟು ಹಾಕೋನು ಊರಲ್ಲಿ ಒಬ್ಬನೇ, ಅವನು ನಾನು. ಹಿಂದಿನ ವರ್ಷ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂತ ನಾನೇ ಬರೆದಿದ್ದ ಪಟ್ಟಿ ಅದು. 'ಖಚಿತವಾದದ್ದನ್ನು ಮೇಲೆ ಹಾಕಿ' ಅಂತ ಕೆಂಪು ಇಂಕಿನಲ್ಲಿ ತಲೆಬರಹ ಬೇರೆ. ಬೈಯೋಕೆ ಹೋದೋನು ಆ ಹಾಳೆಗೆ ಐವತ್ತು ರೂಪಾಯಿ ಕೊಟ್ಟು ಮನೆಗೆ ತಂದೆ. ಈಗಲೂ ಬೀರುವಿನಲ್ಲಿದೆ.

ಆವತ್ತಿನಿಂದ ಎಲ್ಲಿ ಮೈಕ್ ಕೊಟ್ಟರೂ ಇದೇ ಹೇಳ್ತೀನಿ. ಸೀಟು ಹಂಚೋ ಕೆಇಎ ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತೆ ಗೊತ್ತೇ? ಒಂದು ಹೋಟೆಲು ಅಂದುಕೊಳ್ಳಿ. ಎಲ್ಲರೂ ಚೀಟಿಯಲ್ಲಿ ಬೇಕಾದ್ದನ್ನು ಬರೆದು ಕೊಟ್ಟಿದ್ದೀರಿ. ರ್ಯಾಂಕಿನ ಪ್ರಕಾರ ಒಂದೊಂದೇ ಚೀಟಿ ತೆಗೀತಾರೆ. ನಿಮ್ಮ ಚೀಟಿ ಬಂದಾಗ ಮೇಲಿಂದ ಓದ್ತಾರೆ. ಮಸಾಲೆ ದೋಸೆ ಇದೆಯಾ? ಇದ್ದರೆ ತಟ್ಟೆಗೆ ಬಂತು. ಇಲ್ಲವಾ? ಸೆಟ್ ದೋಸೆ. ಅದೂ ಇಲ್ಲವಾ? ಚಿತ್ರಾನ್ನ. ದೋಸೆ ಕೇಳಿದ್ದೆ ಅನ್ನೋ ಕಾರಣಕ್ಕೆ ಚಿತ್ರಾನ್ನದ ಸರದಿಯಲ್ಲಿ ನಿಮ್ಮನ್ನು ಯಾರೂ ಹಿಂದಕ್ಕೆ ತಳ್ಳೋದಿಲ್ಲ. ಆದರೆ ದೋಸೆ ಮುಗಿದಿರುತ್ತೇನೋ ಅಂತ ಹೆದರಿ ಮೇಲೆ ಚಿತ್ರಾನ್ನ ಬರೆದಿರೋ, ಒಳಗೆ ಹೆಂಚಿನ ಮೇಲೆ ದೋಸೆ ಚುಂಯ್ ಅಂತಿದ್ದರೂ ನಿಮಗೆ ಚಿತ್ರಾನ್ನವೇ. ಆಮೇಲೆ ಪಕ್ಕದ ಟೇಬಲ್ಲಿನವರ ದೋಸೆ ನೋಡ್ತಾ ತಿನ್ನಬೇಕು.

ಇದು ಮೇಷ್ಟ್ರ ಕಟ್ಟುಕತೆ ಅಂದುಕೊಳ್ಳಬೇಡಿ. ಗೇಲ್ ಮತ್ತು ಶಾಪ್ಲಿ ಅಂತ ಇಬ್ಬರು ಅಮೆರಿಕದ ಗಣಿತಜ್ಞರು 1962ರಲ್ಲೇ ಕಾಲೇಜು ಪ್ರವೇಶ ಮತ್ತು ಮದುವೆ, ಎರಡನ್ನೂ ಸೇರಿಸಿ ಒಂದು ಪ್ರಬಂಧ ಬರೆದರು. ಹೌದು, ಮದುವೆ! ಹೆಣ್ಣು ಗಂಡು ಹೊಂದಿಸೋ ಲೆಕ್ಕವೂ ಸೀಟು ಹೊಂದಿಸೋ ಲೆಕ್ಕವೂ ಒಂದೇ ಜಾತಿಯವು ಅಂತ ತೋರಿಸಿದರು. 2012ರಲ್ಲಿ ಶಾಪ್ಲಿಯವರಿಗೂ ಆ ಲೆಕ್ಕವನ್ನು ಬಳಕೆಗೆ ತಂದ ಆಲ್ವಿನ್ ರಾತ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಮಂಟಪದಲ್ಲಿ ನಿಂತು ಇದನ್ನು ಹೇಳೋ ಯೋಗ ನನಗಿತ್ತು ಅಂತ ಕಾಣುತ್ತೆ. ಅಗೋ, ಹೂವಿನವರೂ ಬಂದರು. ಬನ್ನಿ ಬನ್ನಿ, ಆ ಕಡೆಯಿಂದ ಕಟ್ಟಿಕೊಂಡು ಬನ್ನಿ, ನಾನು ಈ ಕಡೆಯಿಂದ ಮುಗಿಸ್ತೀನಿ.

ಬೇಗ ಹೇಳ್ತೀನಿ. ಮೊದಲು ಅಣಕು ಹಂಚಿಕೆ ಬರುತ್ತೆ. ಅದು ಸೀಟಲ್ಲ, ರಿಹರ್ಸಲ್ಲು. ಅದನ್ನು ನೋಡಿಕೊಂಡು ಪಟ್ಟಿ ತಿದ್ದಬಹುದು, ಆದರೆ ಹೆದರಿಕೊಂಡು ತಿದ್ದಬೇಡಿ. ದೋಸೆ ಮೇಲೇ ಇರಲಿ. ನಿಜವಾದ ಹಂಚಿಕೆ ಆದಮೇಲೆ ನಾಲ್ಕು ಚಾಯ್ಸ್. ಒಂದು, ಒಪ್ಪಿದೆ, ಸೇರ್ತೀನಿ. ಎರಡು, ಇದು ನನಗೇ ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಸಿಕ್ಕರೆ ಅದನ್ನು ಕೊಡಿ. ಮೂರು, ಇದು ಬೇಡ, ಮುಂದಿನ ಸುತ್ತು ನೋಡ್ತೀನಿ. ನಾಲ್ಕು, ಆಟಕ್ಕೇ ಬರಲ್ಲ. ಎರಡು ಅಂದರೆ ಒಬ್ಬ ದಲಾಲರು ಒಪ್ಪಿದ ರೇಟನ್ನು ಕೈಯಲ್ಲಿಟ್ಟುಕೊಂಡು ಇನ್ನೊಬ್ಬರು ಹೆಚ್ಚಿಗೆ ಕೂಗ್ತಾರಾ ಅಂತ ಕಾದ ಹಾಗೆ. ಮೂರು ಅಂದರೆ ಚೀಲ ಹೊತ್ತುಕೊಂಡು ಮಂಡಿಯಿಂದ ಆಚೆ ಬಂದ ಹಾಗೆ. ಒಂದು ಎಚ್ಚರಿಕೆ: ಎರಡರಲ್ಲಿ ಮೇಲಿನದು ಸಿಕ್ಕಿತೋ, ಹಳೇದು ತಾನಾಗೇ ಹೋಗುತ್ತೆ. ಅದಕ್ಕೇ ಇಷ್ಟವಿಲ್ಲದ್ದನ್ನು ಮೇಲೆ ಬರೀಬೇಡಿ ಅನ್ನೋದು. ಫೀಸು ಯಾವಾಗ ಕಟ್ಟಬೇಕು ಅನ್ನೋದು ವರ್ಷ ವರ್ಷ ಬದಲಾಗುತ್ತೆ, ಕೆಇಎ ವೆಬ್‌ಸೈಟಿನಲ್ಲೇ ಓದಿ, ವಾಟ್ಸ್‌ಆ್ಯಪ್ ಚಿಕ್ಕಪ್ಪಂದಿರನ್ನು ನಂಬಬೇಡಿ.

ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ, ಎರಡಕ್ಕೂ ಒಂದರಿಂದ ಹತ್ತರ ತನಕದ ಪ್ರಮಾಣಪತ್ರ ಬೇಕು. ಹಳ್ಳಿ ಶಾಲೆಗೆ ಇವತ್ತೇ ಹೋಗಿ, ಹೆಡ್‌ಮಾಸ್ಟರ್ ರಜೆ ಹಾಕೋ ಮೊದಲು. ಗಡಿಯಾಚೆ ಆಂಧ್ರದ ಮಡಕಶಿರಾದಲ್ಲಿರೋ ನಮ್ಮಕ್ಕನ ಮೊಮ್ಮಗ ಗಡಿನಾಡು ಕನ್ನಡಿಗ ಅಂತ 50 ಅಂಕದ ಕನ್ನಡ ಪರೀಕ್ಷೆ ಬರೆದ, 12 ಬಂದರೆ ಸಾಕು. ನಮ್ಮೂರಿನ ಕೆಲವು ಮಕ್ಕಳಿಗೆ ಅಷ್ಟು ಬರುತ್ತೋ ಇಲ್ಲವೋ. (ನಗು) ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ, ಅಂದರೆ ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ ಸೀಟು, ವಿಚಾರಿಸಿ. ಎಸ್ಸೆಸ್ಸೆಲ್ಸಿ ಮಕ್ಕಳು ಬಂದಿದ್ದೀರಿ, ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಎಂಜಿನಿಯರಿಂಗಿನ ನೇರ ಎರಡನೇ ವರ್ಷಕ್ಕೆ ಸೇರೋ ದಾರಿಯೂ ಇದೆ. ಬಿಎಸ್ಸಿ, ಬಿಕಾಂ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಅದು ಜೇಬಲ್ಲೇ ಉಳೀತು. ನಾನೇ ಬಿಎಸ್ಸಿ, ನನ್ನನ್ನೇ ನೋಡಿಕೊಳ್ಳಿ.

ಪಾಸ್‌ವರ್ಡನ್ನೂ ಓಟಿಪಿಯನ್ನೂ ಸೈಬರಿನವರ ಕೈಗೆ ಕೊಡಬೇಡಿ. ಆಯ್ತು ಆಯ್ತು ಸ್ವಾಮಿ, ಮೈಕು ತಗೊಳ್ಳಿ. ಪಟ್ಟಿ ಬರೆದು ತಂದಿರೋ ಮಕ್ಕಳು ಹೊರಗೆ ಅರಳಿಕಟ್ಟೆ ಹತ್ತಿರ ಬನ್ನಿ, ಕತ್ತಲಾಗೋವರೆಗೂ ಅಲ್ಲೇ ಕೂತಿರ್ತೀನಿ. ಪೆನ್ನಲ್ಲ, ಪೆನ್ಸಿಲ್ ತನ್ನಿ. ರಬ್ಬರು ನನ್ನ ಹತ್ತಿರ ಇದೆ.