ಹನ್ನೆರಡನೇ ಸ್ಥಾನದವರೆಗೂ ನೋಡಿ

ಕೋಲಾರದಲ್ಲಿ ಕುಳಿತು ಫಿಗರ್ ಸ್ಕೇಟಿಂಗ್, ಅಂದರೆ ಮಂಜುಗಡ್ಡೆಯ ಮೇಲೆ ಜಾರುತ್ತಾ ನೆಗೆದು ಸುತ್ತುವ ಆಟದ ಬಗ್ಗೆ ಮಾತನಾಡುವವನನ್ನು ಕಂಡು ನಗುವವರು ಮೊದಲು ನಕ್ಕುಬಿಡಿ. ನಮ್ಮ ಊರಿನಲ್ಲಿ ಮಂಜುಗಡ್ಡೆ ಕಾಣಿಸುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮತ್ತು ಮೀನಿನ ಪೆಟ್ಟಿಗೆಯಲ್ಲಿ, ಒಪ್ಪುತ್ತೇನೆ. ಆದರೆ ಇವತ್ತಿನ ತಕರಾರು ನಮಗೆಲ್ಲ ಗೊತ್ತಿರುವುದೇ. ಉತ್ತುಂಗದಲ್ಲಿರುವಾಗಲೇ ನಿವೃತ್ತಿ ಹೇಳಬೇಕು ಎನ್ನುತ್ತಾರಲ್ಲ, ಅದು. ಕ್ರಿಕೆಟ್ ನೋಡುತ್ತಾ ಬೆಳೆದವರಿಗೆ ಇದು ಬಾಯಿಪಾಠ. ಆಟಗಾರ ಎರಡು ಸರಣಿಯಲ್ಲಿ ರನ್ ಗಳಿಸದಿದ್ದರೆ ಸಾಕು, ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಅವನ ಬೀಳ್ಕೊಡುಗೆ ಸಮಾರಂಭ ಮುಗಿದಿರುತ್ತದೆ.

ಜಪಾನಿನ ಮಾವೊ ಅಸಾದಾ ನನ್ನ ಮೆಚ್ಚಿನ ಸ್ಕೇಟರ್. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಮೂರು ಟ್ರಿಪಲ್ ಆಕ್ಸೆಲ್ ಹಾರಿ ಬೆಳ್ಳಿ ಗೆದ್ದವರು. ಆಕ್ಸೆಲ್ ಎಂದರೆ ಮುಂದಕ್ಕೆ ಮುಖ ಮಾಡಿ ನೆಗೆದು, ಹಿಂದಕ್ಕೆ ಮುಖ ಮಾಡಿ ಇಳಿಯುವ ಜಿಗಿತ. ಅದಕ್ಕೇ ಅದರಲ್ಲಿ ಅರ್ಧ ಸುತ್ತು ಹೆಚ್ಚು. ಟ್ರಿಪಲ್ ಆದರೆ ಮೂರೂವರೆ.

ನಾಲ್ಕು ವರ್ಷಗಳ ನಂತರ ರಷ್ಯಾದ ಸೋಚಿ ಒಲಿಂಪಿಕ್ಸ್. ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಂನಲ್ಲಿ ಬಿದ್ದು, ತಡವರಿಸಿ, ಹದಿನಾರನೇ ಸ್ಥಾನ. ಪದಕ ಅಲ್ಲಿಗೇ ಮುಗಿದಿತ್ತು. ಮರುದಿನ ಎರಡನೇ ಸುತ್ತಾದ ಫ್ರೀ ಸ್ಕೇಟಿಂಗ್‌ನಲ್ಲಿ, ಪದಕದ ಆಕಾಂಕ್ಷಿಗಳು ಅಂಕಣಕ್ಕೆ ಇಳಿಯುವ ಎಷ್ಟೋ ಮೊದಲೇ ಬಂದು, 142.71 ಅಂಕ ಗಳಿಸಿದರು. ಆ ಸುತ್ತಿನಲ್ಲಿ ಅದು ಅವರ ಅಲ್ಲಿಯವರೆಗಿನ ಅತ್ಯುತ್ತಮ ಅಂಕ. ಎರಡೂ ಸುತ್ತು ಸೇರಿ ಒಟ್ಟಾರೆ ಆರನೇ ಸ್ಥಾನ. ಮುಂದಿನ ತಿಂಗಳು ಸೈತಾಮಾದಲ್ಲಿ ವಿಶ್ವ ಚಾಂಪಿಯನ್ ಪಟ್ಟ, ಅದೂ ಮೂರನೇ ಬಾರಿ. ಟೀ ಅಂಗಡಿಯ ಲೆಕ್ಕದಲ್ಲಿ ಕೈಮುಗಿದು ಹೊರಡಬೇಕಾದ ಮುಹೂರ್ತ ಅದೇ.

ಅವರು ಹೊರಡಲಿಲ್ಲ. ಒಂದು ಋತು ವಿಶ್ರಾಂತಿ ಪಡೆದು 2015ರಲ್ಲಿ ಮರಳಿದರು. ನಮ್ಮ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಇದು ಯಾರಿಗೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟ ಮರ ಮರುವರ್ಷ ಕೈ ತಡೆಯುತ್ತದೆ, ಹಾಗೆಂದು ಯಾವ ರೈತನೂ ಕೊಡಲಿ ಎತ್ತುವುದಿಲ್ಲ. ಅಭಿಮಾನಿಗಳಿಗೆ ಮಾತ್ರ ಪ್ರತಿ ವರ್ಷ ಹೊರೆಗಟ್ಟಲೆ ಫಸಲು ಬೇಕು.

ಮರಳಿದ ಮೇಲೆ ಗ್ರ್ಯಾನ್ ಪ್ರಿ ಎಂಬ ಅಂತರರಾಷ್ಟ್ರೀಯ ಸರಣಿಯ ಚೀನಾ ಸ್ಪರ್ಧೆ ಗೆದ್ದರು. ಆಮೇಲೆ ಇಳಿಜಾರು. 2016ರ ಬಾಸ್ಟನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏಳನೇ ಸ್ಥಾನ, ಎಡ ಮೊಣಕಾಲಿನ ನೋವು, ಆ ವರ್ಷದ ಡಿಸೆಂಬರ್‌ನಲ್ಲಿ ಜಪಾನ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹನ್ನೆರಡನೇ ಸ್ಥಾನ. "ಇದನ್ನೆಲ್ಲ ನೋಡಿ ಸಂಕಟಪಡುವುದು ಏಕಪ್ಪಾ?" ಎಂದು ನನ್ನ ಗೆಳೆಯ ಕೇಳಿದ್ದ.

ಏಕೆಂದರೆ ಆ ಹನ್ನೆರಡನೇ ಸ್ಥಾನದ ಒಳಗೆ ಒಂದು ಆಯ್ಕೆ ಇದೆ. ಆಗಿನ ಅಂಕಗಳ ಪಟ್ಟಿಯಲ್ಲಿ ಟ್ರಿಪಲ್ ಆಕ್ಸೆಲ್‌ನ ಮೂಲ ಬೆಲೆ 8.5 ಅಂಕ, ಎರಡೂವರೆ ಸುತ್ತಿನ ಡಬಲ್ ಆಕ್ಸೆಲ್‌ಗೆ 3.3. ಮೊಣಕಾಲು ಸಹಕರಿಸದಿದ್ದಾಗ ಡಬಲ್ ಹಾರಿ, ಉಳಿದುದನ್ನು ಚೊಕ್ಕವಾಗಿ ಮುಗಿಸಿ ಗೌರವದ ಸ್ಥಾನದಲ್ಲಿ ನಿಲ್ಲಬಹುದಿತ್ತು. ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವರು ಟ್ರಿಪಲ್ಲನ್ನೇ ಪ್ರಯತ್ನಿಸಿದರು, ಅದು ದಕ್ಕಲಿಲ್ಲ. ಚಿನ್ನ ಗೆದ್ದ ದಿನದ ವಿಡಿಯೊದಲ್ಲಿ ಈ ಹಟ ಕಾಣಿಸುವುದೇ ಇಲ್ಲ, ಅಲ್ಲಿ ಎಲ್ಲವೂ ಸಲೀಸು. ಒಬ್ಬ ಆಟಗಾರ್ತಿಗೆ ತನ್ನ ಆಟದಲ್ಲಿ ಯಾವುದು ಬಿಡಲಾರದ್ದು ಎಂದು ತಿಳಿಯುವುದು ಆ ಜಿಗಿತ ಕೈಕೊಡುತ್ತಿರುವಾಗಲೇ. ಉತ್ತುಂಗದಲ್ಲೇ ಎದ್ದುಹೋದ ಪ್ರೇಕ್ಷಕನಿಗೆ ಅದು ಸಿಗುವುದಿಲ್ಲ, ಅಷ್ಟೇ ನನ್ನ ವಾದ. ದೇಹ ಹಾಳಾಗುವವರೆಗೂ ಆಡಲಿ ಎನ್ನುತ್ತಿಲ್ಲ. ಯಾವಾಗ ನಿಲ್ಲಬೇಕೆಂಬುದು ಅವರ ಹಕ್ಕು. ಅದನ್ನು ನಾವು ಸೋಫಾ ಮೇಲೆ ಕುಳಿತು ನಿರ್ಧರಿಸುವುದು ಅಧಿಕಪ್ರಸಂಗ.

2017ರ ಏಪ್ರಿಲ್‌ನಲ್ಲಿ ಅವರು ನಿವೃತ್ತಿ ಪ್ರಕಟಿಸಿದರು. ಮುಂದಿನ ವರ್ಷದಿಂದ ತಮ್ಮದೇ ತಂಡ ಕಟ್ಟಿಕೊಂಡು ಜಪಾನಿನಾದ್ಯಂತ ಐಸ್ ಷೋ ನಡೆಸಿದರು. 2024ರಲ್ಲಿ ಟೋಕಿಯೊದ ತಾಚಿಕಾವಾದಲ್ಲಿ ಅವರ ಹೆಸರಿನ ಸ್ಕೇಟಿಂಗ್ ಅಂಕಣವೇ ತೆರೆಯಿತು. ಪದಕಪಟ್ಟಿಯನ್ನಷ್ಟೇ ನೋಡುತ್ತಿದ್ದವರ ಪಾಲಿಗೆ ಇವರ ಕಥೆ 2014ಕ್ಕೇ ಮುಗಿದಿತ್ತು, ಪಾಪ.

ಹೊಸದಾಗಿ ನೋಡುವವರು ಸೋಚಿಯ ಫ್ರೀ ಸ್ಕೇಟಿಂಗ್‌ನಿಂದ ಆರಂಭಿಸಿ. ಅದು ಎಲ್ಲರಿಗೂ ಇಷ್ಟವಾಗುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಆಮೇಲೆ 2016ರ ಡಿಸೆಂಬರ್‌ನದನ್ನೂ ಹುಡುಕಿ ನೋಡಿ, ಪೂರ್ತಿಯಾಗಿ. ನನ್ನ ಗೆಳೆಯ ಇನ್ನೂ ನೋಡಿಲ್ಲ.