ಬ್ಲ್ಯಾಕ್‌ಟೇಲ್ ಜಿಂಕೆ ಬೇಕಾ? ಮೊದಲು ಜಾಗ ಹುಡುಕಿ, ಆಮೇಲೆ ಕೂತ್ಕೊಳ್ಳಿ

ನಮಸ್ಕಾರ. ಇವತ್ತು ಪೀಠಿಕೆ ಎಲ್ಲ ಬೇಡ, ನೇರ ವಿಷಯಕ್ಕೆ ಬರುತ್ತೇನೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: “ಸರ್, ಬೇಟೆ ಸೀಸನ್‌ಗೆ ತಿಂಗಳುಗಟ್ಟಲೆ ಮುಂಚೆ ಕಾಡು ಸುತ್ತೋದು ಟೈಮ್ ವೇಸ್ಟ್. ಒಳ್ಳೆ ರೈಫಲ್ ಇದೆ, ಒಳ್ಳೆ ಸ್ಕೋಪ್ ಇದೆ. ನನಗೆ ಒಂದು ವೀಕೆಂಡ್ ಸಾಕು.” ಇದಕ್ಕೆ ಲೈಕ್ ಬೇರೆ ಒತ್ತಿದ್ದೀರಿ!

ಒಂದು ವೀಕೆಂಡ್ ಸಾಕಂತೆ. ಯಾವ ಜಿಂಕೆಗೆ ಸ್ವಾಮಿ?

ಹೊಸಬರಿಗೆ ಹೇಳಿಬಿಡುತ್ತೇನೆ. ನಾನು ಮಾತಾಡುತ್ತಿರುವುದು ಅಮೆರಿಕದ ಪೆಸಿಫಿಕ್ ಕರಾವಳಿಯ ಕೊಲಂಬಿಯನ್ ಬ್ಲ್ಯಾಕ್‌ಟೇಲ್ ಬಗ್ಗೆ. ಮ್ಯೂಲ್ ಡಿಯರ್ ಅನ್ನೋ ಜಿಂಕೆಯ ಉಪಜಾತಿ. ಕ್ಯಾಲಿಫೋರ್ನಿಯಾದಿಂದ ಬ್ರಿಟಿಷ್ ಕೊಲಂಬಿಯಾವರೆಗೆ ಇದೆ. ಆರೆಗಾನ್ ರಾಜ್ಯದ ಹಿಲ್ಸ್‌ಬರೋ, ಬೀವರ್ಟನ್ ಕಡೆ ಇರುವ ನಮ್ಮ ಕನ್ನಡದವರಿಗೆ ಟಿಲ್ಲಮೂಕ್ ಕಾಡು ಹತ್ತಿರವೇ. ಲೈಸೆನ್ಸ್, ಟ್ಯಾಗ್ (ಒಂದು ಜಿಂಕೆ ಹೊಡೆಯೋಕೆ ಕೊಡುವ ಪರವಾನಗಿ ಚೀಟಿ) ತಗೊಂಡು ಕಾನೂನು ಪ್ರಕಾರ ಆಡುವ ಬೇಟೆ ಇದು. ಊರಿಂದ ನೋಡುತ್ತಿರುವವರೇ, ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ ತಂಟೆಗೆ ಹೋದರೆ ಜೈಲು. ಆ ಯೋಚನೆಯೇ ಬೇಡ.

ಆರೆಗಾನ್‌ನ ಪೂರ್ವದ ಬಯಲಲ್ಲಿ ದಿಬ್ಬ ಹತ್ತಿ ಬೈನಾಕ್ಯುಲರ್ ಹಿಡಿದರೆ ಮ್ಯೂಲ್ ಡಿಯರ್ ಮೈಲಿ ದೂರಕ್ಕೂ ಕಾಣುತ್ತದೆ. ಪಶ್ಚಿಮದ ಕೋಸ್ಟ್ ರೇಂಜ್ ಬೆಟ್ಟಸಾಲಿಗೆ ಬನ್ನಿ, ಆಗ ಗೊತ್ತಾಗುತ್ತದೆ. ಮೇಲೆ ಡಗ್ಲಸ್ ಫರ್, ಕೆಳಗೆ ಸೊಂಟದ ಮಟ್ಟ ಸೋರ್ಡ್ ಫರ್ನ್, ಸಲಾಲ್ ಪೊದೆ, ಪ್ಯಾಂಟು ಹರಿಯುವ ಬ್ಲ್ಯಾಕ್‌ಬೆರಿ ಮುಳ್ಳು. ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಅನುಭವಸ್ಥ ಗಂಡು ಬ್ಲ್ಯಾಕ್‌ಟೇಲ್ ನಿಮ್ಮ ಸದ್ದು ಕೇಳಿದರೂ ಎಷ್ಟೋ ಸಲ ಓಡುವುದೇ ಇಲ್ಲ. ಮಲಗಿದಲ್ಲೇ ಸುಮ್ನೆ ಇರುತ್ತದೆ. ನೀವು ಪಕ್ಕದಲ್ಲೇ ದಾಟಿ ಹೋಗುತ್ತೀರಿ. ಆಮೇಲೆ ಮನೆಗೆ ಬಂದು “ಆ ಕಾಡಲ್ಲಿ ಜಿಂಕೆಯೇ ಇಲ್ಲ” ಎನ್ನುತ್ತೀರಿ. ಇದೆ! ಅದು ನಿಮ್ಮನ್ನು ನೋಡಿದೆ.

ಅದಕ್ಕೇ ಹೇಳೋದು, ಮೊದಲು ಜಾಗ ಹುಡುಕಿ, ಆಮೇಲೆ ಕೂತ್ಕೊಳ್ಳಿ.

ಹುಡುಕೋದು ಅಂದರೆ ಸುಮ್ನೆ ವಾಕಿಂಗ್ ಹೋಗಿ ಫೋಟೋ ತೆಗೆಯೋದಲ್ಲ. ಟಿಂಬರ್‌ಗೆ ಮರ ಕಡಿದು, ಮತ್ತೆ ಸಸಿ ನೆಟ್ಟ ಜಾಗ ನೋಡಿಕೊಳ್ಳಿ. ಅಲ್ಲಿ ಬಿಸಿಲು ಬೀಳುತ್ತದೆ, ಸೊಪ್ಪು ಚಿಗುರುತ್ತದೆ, ಜಿಂಕೆ ಮೇಯೋಕೆ ಬರುತ್ತದೆ. ಸಸಿಗಳು ಬೆಳೆದು ನೆರಳು ಮುಚ್ಚಿತು ಅಂದರೆ ಮೇವು ಹೋಯಿತು, ಜಿಂಕೆಯೂ ಹೋಯಿತು. ಆದ್ದರಿಂದ ಐದಾರು ವರ್ಷದ ಹಿಂದೆ ಕಡಿದ ಜಾಗ, ಅದರ ಅಂಚಲ್ಲೇ ದಟ್ಟ ಕಾಡು, ಈ ಎರಡೂ ಸೇರುವ ಕಡೆ ಮಂಡಿಯೂರಿ ನೋಡಿ. ಬ್ಲ್ಯಾಕ್‌ಬೆರಿ ಚಿಗುರು ಹರಿದ ಹಾಗಿದೆಯಾ, ಕತ್ತರಿಸಿದ ಹಾಗಿದೆಯಾ? ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಅದು ಕಚ್ಚಿ ಎಳೆಯುತ್ತದೆ, ತುದಿ ನಾರು ನಾರಾಗಿರುತ್ತದೆ. ಚಾಕುವಲ್ಲಿ ಓರೆಯಾಗಿ ಕೊಯ್ದ ಹಾಗಿದ್ದರೆ ಅದು ಮೊಲ. ಸೆಪ್ಟೆಂಬರ್ ಹೊತ್ತಿಗೆ ಗಂಡಿನ ಕೊಂಬಿನ ಮೇಲಿನ ವೆಲ್ವೆಟ್, ಅಂದರೆ ಮೆತ್ತನೆ ಚರ್ಮ, ಉದುರಿರುತ್ತದೆ, ಅದು ಎಳೆ ಆಲ್ಡರ್ ಗಿಡಕ್ಕೆ ಕೊಂಬು ಉಜ್ಜುತ್ತದೆ. ಉಜ್ಜಿದ ಜಾಗ ಮೊದಲು ಬಿಳಿಚಿಕೊಂಡಿರುತ್ತದೆ, ಗಾಳಿ ತಾಗಿ ಕೇಸರಿ ಕೆಂಪಿಗೆ ತಿರುಗುತ್ತದೆ. ಬೆರಳಲ್ಲಿ ಮುಟ್ಟಿ ನೋಡಿ. ಇನ್ನೂ ಒದ್ದೆ ಇದ್ದರೆ ಅವನು ಇಲ್ಲೇ ಎಲ್ಲೋ ಇದ್ದಾನೆ.

ಈ ಒಂದು ಗಿಡ ನಿಮ್ಮ ಸ್ಕೋಪ್‌ಗಿಂತ ಜಾಸ್ತಿ ಹೇಳುತ್ತದೆ. ಅಂದ ಹಾಗೆ, ಚಾನೆಲ್ ಸದಸ್ಯರಿಗೆ ಈ ಗುರುತುಗಳ ಫೋಟೋ ಎಲ್ಲ ಹಾಕಿದ್ದೇನೆ. ಜಾಯಿನ್ ಬಟನ್ ಕೆಳಗೇ ಇದೆ.

ಈಗ ಬುದ್ಧಿವಂತರು ಬರುತ್ತಾರೆ. “ಆಗಸ್ಟ್‌ನಲ್ಲಿ ನೋಡಿದ ಜಿಂಕೆ ಅಕ್ಟೋಬರ್‌ನಲ್ಲಿ ಅಲ್ಲೇ ಇರುತ್ತಾ?” ಕ್ಯಾಸ್ಕೇಡ್ ಬೆಟ್ಟದ ಮೇಲಿನ ಜಿಂಕೆಗಳು ಹಿಮ ಬಿದ್ದಾಗ ಕೆಳಗಿಳಿಯುತ್ತವೆ, ಒಪ್ಪಿದೆ. ಕೋಸ್ಟ್ ರೇಂಜ್‌ನದು ಎಲ್ಲಿಗೆ ಹೋಗುತ್ತದೆ? ಅದರ ಓಡಾಟವೆಲ್ಲ ಸಾಮಾನ್ಯವಾಗಿ ಒಂದು ಚದರ ಮೈಲಿ ಒಳಗೇ. ಹಗಲು ಹೊರಗೆ ಬರೋದು ನಿಲ್ಲಿಸಿರುತ್ತದೆ, ಅಷ್ಟೇ. ನಿಮಗೆ ಕಾಣದಿದ್ದರೆ ಊರು ಬಿಟ್ಟು ಹೋಗಿದೆ ಅಂತಾನಾ? ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರೂ ತಿಂಗಳಿಂದ ಕಂಡಿಲ್ಲ, ಖಾಲಿ ಮಾಡಿಕೊಂಡು ಹೋದರಾ?

ಇನ್ನೊಬ್ಬರು ಡ್ರೋನ್ ಹಾರಿಸಿ ಹುಡುಕುತ್ತಾರಂತೆ. ಆರೆಗಾನ್‌ನಲ್ಲಿ ಬೇಟೆಗೆ ಡ್ರೋನ್ ಬಳಸೋದು ನಿಷೇಧ. ಮುಗೀತು. ಮತ್ತೊಬ್ಬರು ಕಾಫಿ ಕಪ್ ಹಿಡಿದು ಲಾಗಿಂಗ್ ರೋಡಲ್ಲಿ ಇಡೀ ದಿನ ಕಾರು ಓಡಿಸುತ್ತಾರೆ. ಅದಕ್ಕೆ ಬೇಟೆ ಅನ್ನಬೇಡಿ, ಲಾಂಗ್ ಡ್ರೈವ್ ಅನ್ನಿ.

ಜಾಗ ಸಿಕ್ಕಿತಾ? ಈಗ ಕೂತ್ಕೊಳ್ಳಿ. ಇದೇ ಯಾರಿಗೂ ಆಗಲ್ಲ! ಅರ್ಧ ಗಂಟೆ ಕೂತರೆ ಫೋನ್ ತೆಗೆಯುತ್ತಾರೆ, ಇನ್ನರ್ಧ ಗಂಟೆಗೆ “ಆ ಕಡೆ ಒಂದು ರೌಂಡ್ ಹೋಗಿ ಬರೋಣ” ಅಂತ ಎದ್ದುಬಿಡುತ್ತಾರೆ. ಏಳಬೇಡಿ. ಬೆಳಗ್ಗೆ ತಂಪು ಗಾಳಿ ಇಳಿಜಾರಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲು ಏರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಅದನ್ನು ಲೆಕ್ಕ ಹಾಕಿ ಕೂತಿದ್ದರೆ ನಿಮ್ಮ ವಾಸನೆ ಜಿಂಕೆಗೆ ಹೋಗುವುದಿಲ್ಲ. ಎದ್ದು ಒಂದು ರೌಂಡ್ ಹೊಡೆದಿರೋ, ಇಡೀ ಇಳಿಜಾರಿಗೆ ಡಂಗುರ ಸಾರಿದ ಹಾಗೆ. ಮಳೆ ಬಂದರೆ ಬರಲಿ. ಜೋರು ಮಳೆ ಹೊಳವಾದ ಕೂಡಲೇ ಬ್ಲ್ಯಾಕ್‌ಟೇಲ್ ಮೇಯೋಕೆ ಹೊರಗೆ ಬರುತ್ತದೆ. ಆಗ ನೀವು ಎಲ್ಲಿರುತ್ತೀರಿ? ಕಾರಲ್ಲಿ ಹೀಟರ್ ಹಾಕಿಕೊಂಡು!

ಇಡೀ ಜಿಂಕೆಯನ್ನು ಹುಡುಕಬೇಡಿ, ಯಾವತ್ತೂ ಇಡಿಯಾಗಿ ಕಾಣಲ್ಲ. ಪೊದೆ ಮಧ್ಯೆ ಒಂದು ಕಿವಿ ಅಲುಗುತ್ತದೆ. ನೆಟ್ಟಗೆ ನಿಂತ ಕಾಂಡಗಳ ನಡುವೆ ಒಂದು ಅಡ್ಡ ಗೆರೆ ಕಾಣುತ್ತದೆ, ಅದು ಬೆನ್ನು. ಅದನ್ನು ನೋಡೋಕೆ ಕೂತಿರಬೇಕು. ನಡೆಯುವವನಿಗೆ ಕಾಣಲ್ಲ.

“ನಮಗೆ ಕೆಲಸ ಇದೆ ಸರ್, ಮಕ್ಕಳ ಕ್ಲಾಸ್ ಇದೆ, ಟೈಮ್ ಇಲ್ಲ.” ನನಗೂ ಕೆಲಸ ಇದೆ, ನನಗೂ ಮಕ್ಕಳಿದ್ದಾರೆ. ಇರುವ ರಜೆ ಎಲ್ಲವನ್ನೂ ಸೀಸನ್ ಮೊದಲ ದಿನಕ್ಕೆ ಹಾಕಿಬಿಡುತ್ತೀರಿ. ಸೀಸನ್ ಮುಗಿಯುವ ನವೆಂಬರ್ ಮೊದಲ ದಿನಗಳಿಗೆ ಇಟ್ಟುಕೊಳ್ಳಿ. ಆಗ ಹೆಣ್ಣಿನ ಹಿಂದೆ ಗಂಡು ಹಗಲಲ್ಲೂ ತಿರುಗೋಕೆ ಶುರು ಮಾಡಿರುತ್ತದೆ. ಆದರೆ ಆಗಲೂ ಜಾಗ ಗೊತ್ತಿರಬೇಕು ತಾನೇ? ಗೊತ್ತಿಲ್ಲದಿದ್ದರೆ ನವೆಂಬರ್ ಆದರೇನು, ಅಕ್ಟೋಬರ್ ಆದರೇನು?

ಹುಡುಕಿ. ಕೂತ್ಕೊಳ್ಳಿ. ನಾನು ಬೇರೆ ಏನೂ ಹೇಳಲ್ಲ. ರೈಫಲ್ ಯಾವುದು ಅಂತ ಕೇಳಬೇಡಿ. ಬೂಟ್ ಯಾವುದು ಅಂತ ಕೇಳಬೇಡಿ. ಜಾಗ ಹುಡುಕಿದಿರಾ? ಇಲ್ಲ. ಕೂತಿರಾ? ಇಲ್ಲ. ಮತ್ತೆ ಬೂಟ್ ತಗೊಂಡು ಏನು ಮಾಡುತ್ತೀರಿ!

ಮುಂದಿನ ವಾರ ಕಾಡಿಂದಲೇ ಲೈವ್ ಬರುತ್ತೇನೆ, ನಕ್ಷೆಯಲ್ಲಿ ಮರ ಕಡಿದ ಜಾಗ ಗುರುತಿಸೋದು ತೋರಿಸುತ್ತೇನೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಪೋರ್ಟ್‌ಲ್ಯಾಂಡ್ ಕನ್ನಡ ಗ್ರೂಪ್‌ಗಳಲ್ಲಿ ಹಂಚಿ. ಲೈವ್‌ಗೆ ಬರುವವರು ಪೆನ್ನು, ಪೇಪರ್ ಇಟ್ಟುಕೊಂಡು ಬನ್ನಿ.